ವಾರಾಂತ್ಯದ ಅತಿಥಿ, ಬೆಂಚಿನ ಸದಸ್ಯೆ

ಅಮೆರಿಕದಲ್ಲಿ ಮಗಳನ್ನು ಟ್ರಾವೆಲ್ ಸಾಫ್ಟ್‌ಬಾಲ್ ತಂಡಕ್ಕೆ, ಅಂದರೆ ಬೇಸ್‌ಬಾಲ್‌ನಂಥ ಈ ಆಟವನ್ನು ಊರೂರಿನ ಟೂರ್ನಮೆಂಟ್‌ಗಳಿಗೆ ಹೋಗಿ ಆಡುವ ತಂಡಕ್ಕೆ, ಸೇರಿಸುವ ತಂದೆತಾಯಿಗಳು ಸಾಮಾನ್ಯವಾಗಿ ಬೇಸಿಗೆಯ ಕೊನೆಯಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಆಯ್ಕೆಯ ಟ್ರೈಔಟ್ ಮುಗಿದು, ಹನ್ನೊಂದೋ ಹನ್ನೆರಡೋ ಹುಡುಗಿಯರ ಹೆಸರು ಪಟ್ಟಿಗೆ ಏರಿ, ವರ್ಷದ ಶುಲ್ಕದ ಮೊದಲ ಕಂತು ಕಟ್ಟಿ, ಜೆರ್ಸಿಯ ಅಳತೆಯನ್ನೂ ಬೇಕಾದ ಸಂಖ್ಯೆಯನ್ನೂ ಬರೆದುಕೊಟ್ಟು ಮನೆಗೆ ಬಂದಾಗ, ಮುಂದಿನ ಜುಲೈವರೆಗೆ ಇಷ್ಟು ಮಂದಿಯೇ ತಂಡ ಎಂಬ ನಂಬಿಕೆ ಎಲ್ಲರ ಮನಸ್ಸಿನಲ್ಲಿರುತ್ತದೆ. ಸೀಸನ್ ಶುರುವಾದ ಕೆಲವು ವಾರಗಳಲ್ಲೇ ಆ ನಂಬಿಕೆ ಸಡಿಲಗೊಳ್ಳುತ್ತದೆ. ವಾರದ ನಡುವೆ ಯಾವುದೋ ಒಂದು ರಾತ್ರಿ ಕೋಚ್ ಅವರ ಸಂದೇಶ ಬರುತ್ತದೆ: ಈ ಶನಿವಾರ ನಮ್ಮ ಜೊತೆ ಒಬ್ಬಳು ಗೆಸ್ಟ್ ಪ್ಲೇಯರ್ ಆಡುತ್ತಾಳೆ, ಎಲ್ಲರೂ ಅವಳನ್ನು ಆದರದಿಂದ ಬರಮಾಡಿಕೊಳ್ಳಿ. ಸಂದೇಶದ ಕೆಳಗೆ ಹೆಬ್ಬೆರಳಿನ ಚಿತ್ರಗಳು ಸಾಲಾಗಿ ಬೀಳುತ್ತವೆ. ಆ ಹೆಬ್ಬೆರಳುಗಳ ಹಿಂದೆ ಇರುವ ಲೆಕ್ಕಾಚಾರಗಳೇ ಈ ಬರಹದ ವಿಷಯ.

ಗೆಸ್ಟ್ ಪ್ಲೇಯರ್ ಎಂದರೆ ಬೇರೆ ತಂಡದ ಪಟ್ಟಿಯಲ್ಲಿದ್ದು, ಅಥವಾ ಯಾವ ತಂಡದಲ್ಲೂ ಇಲ್ಲದೆ, ಒಂದೇ ಟೂರ್ನಮೆಂಟಿಗಾಗಿ ನಮ್ಮಲ್ಲಿ ಆಡಲು ಬರುವ ಹುಡುಗಿ. ಕೆಲವರು ಪಿಕಪ್ ಎನ್ನುತ್ತಾರೆ, ಕೆಲವರು ಸಬ್ ಎನ್ನುತ್ತಾರೆ. ಅವಳು ಬರುವುದಕ್ಕೆ ಮೊದಲ ಕಾರಣ ಬಹಳ ಸರಳವಾದದ್ದು. ಮೈದಾನದಲ್ಲಿ ಒಂಬತ್ತು ಮಂದಿ ನಿಲ್ಲಬೇಕು. ಹನ್ನೊಂದು ಜನರ ತಂಡದಲ್ಲಿ ಒಬ್ಬಳಿಗೆ ಜ್ವರ, ಒಬ್ಬಳಿಗೆ ಅಕ್ಕನ ಪದವಿ ಪ್ರದಾನ, ಇನ್ನೊಬ್ಬಳಿಗೆ ಶಾಲೆಯ ಬ್ಯಾಂಡ್ ಕಾರ್ಯಕ್ರಮ ಎಂದಾದರೆ ಉಳಿಯುವವರು ಎಂಟು. ಶನಿವಾರ ಗುಂಪಿನೊಳಗೆ ಆಡುವ ಪೂಲ್ ಪಂದ್ಯಗಳು, ಭಾನುವಾರ ಸೋತವರು ಮನೆಗೆ ಹೋಗುವ ಬ್ರಾಕೆಟ್ ಪಂದ್ಯಗಳು. ಎರಡು ದಿನಗಳಲ್ಲಿ ನಾಲ್ಕೈದು ಆಟಗಳಾಗುವುದು ಮಾಮೂಲು. ಪ್ರವೇಶ ಶುಲ್ಕ ಕಟ್ಟಿ, ಹೋಟೆಲ್ ಕಾದಿರಿಸಿ ಆದ ಮೇಲೆ ಎಂಟು ಜನರನ್ನಿಟ್ಟುಕೊಂಡು ಹೋಗುವ ಕೋಚ್ ಯಾರೂ ಇಲ್ಲ. ಇಂಥ ಅತಿಥಿಯ ಬಗ್ಗೆ ಯಾವ ತಕರಾರೂ ಏಳುವುದಿಲ್ಲ. ಅವಳು ಬಾರದಿದ್ದರೆ ಎಂಟು ಮಕ್ಕಳ ವಾರಾಂತ್ಯವೇ ಹಾಳಾಗುತ್ತಿತ್ತು.

ತಕರಾರು ಏಳುವುದು ಅತಿಥಿಯಾಗಿ ಬರುವವಳು ಪಿಚರ್, ಅಂದರೆ ಬ್ಯಾಟ್ ಹಿಡಿದವಳಿಗೆ ಚೆಂಡು ಎಸೆಯುವವಳು, ಆಗಿದ್ದಾಗ. ಸಾಫ್ಟ್‌ಬಾಲ್‌ನಲ್ಲಿ ಪಿಚರ್‌ಗೆ ಇರುವ ತೂಕ ಕ್ರಿಕೆಟ್ ನೋಡಿ ಬೆಳೆದ ನಮಗೆ ತಕ್ಷಣ ಅರ್ಥವಾಗುವಂಥದ್ದಲ್ಲ. ಕ್ರಿಕೆಟ್‌ನಲ್ಲಿ ಓವರ್ ಮುಗಿದರೆ ಬೌಲರ್ ಬದಲಾಗಲೇಬೇಕು. ಇಲ್ಲಿ ಒಬ್ಬಳೇ ಇಡೀ ಪಂದ್ಯವನ್ನು ಎಸೆದು ಮುಗಿಸಬಹುದು, ಮುಂದಿನ ಪಂದ್ಯದಲ್ಲಿ ಮತ್ತೆ ಅವಳೇ ಎಸೆಯುವ ವೃತ್ತದೊಳಗೆ ನಿಲ್ಲಬಹುದು. 12 ವರ್ಷದೊಳಗಿನವರ ವಿಭಾಗದಲ್ಲಿ ಪಿಚಿಂಗ್ ದೂರ 40 ಅಡಿ, 14ರ ವಿಭಾಗದಿಂದ ಮೇಲಕ್ಕೆ 43 ಅಡಿ. ತೋಳನ್ನು ಗಾಳಿಯಂತ್ರದ ರೆಕ್ಕೆಯಂತೆ ಪೂರ್ತಿ ಸುತ್ತಿಸಿ, ಕೈಯನ್ನು ಸೊಂಟದ ಬಳಿಯಿಂದ ಹಾಯಿಸಿ ಗಂಟೆಗೆ 55 ಮೈಲಿ ವೇಗದಲ್ಲಿ ಚೆಂಡು ಎಸೆಯುವ ಹುಡುಗಿಯ ಎದುರು ಬ್ಯಾಟ್ ಹಿಡಿದವಳಿಗೆ ನೋಡಿ ನಿರ್ಧರಿಸಲು ಸಿಗುವ ಸಮಯ ಅರ್ಧ ಸೆಕೆಂಡಿಗಿಂತಲೂ ಕಡಿಮೆ. ಅಂಥ ಒಬ್ಬಳು ಸಾಧಾರಣ ತಂಡದೊಳಗೆ ಬಂದು ನಿಂತರೆ ಆ ವಾರಾಂತ್ಯದ ಮಟ್ಟಿಗೆ ಅದು ಸಾಧಾರಣ ತಂಡವಾಗಿ ಉಳಿಯುವುದಿಲ್ಲ. ಬಲಬದಿಯ ಔಟ್‌ಫೀಲ್ಡಿಗೆ ಅತಿಥಿ ಬಂದರೆ ಎದುರಾಳಿ ಕೋಚ್ ತಲೆಯೆತ್ತಿಯೂ ನೋಡುವುದಿಲ್ಲ; ಪಿಚರ್ ಬಂದಳೆಂದರೆ ಪಟ್ಟಿ ತೋರಿಸಿ ಎಂದು ಕೇಳುತ್ತಾರೆ.

ಪಟ್ಟಿಯ ನಿಯಮಗಳು ಹುಟ್ಟಿಕೊಂಡಿರುವುದೇ ಈ ಅನುಮಾನದಿಂದ. ಆದರೆ ನಿಯಮ ಒಂದೇ ಅಲ್ಲ, ಏಕೆಂದರೆ ನಿಯಂತ್ರಕರು ಒಬ್ಬರಲ್ಲ. ರಾಷ್ಟ್ರೀಯ ಆಡಳಿತ ಸಂಸ್ಥೆ ಯುಎಸ್‌ಎ ಸಾಫ್ಟ್‌ಬಾಲ್. 1933ರಲ್ಲಿ ಅಮೆಚೂರ್ ಸಾಫ್ಟ್‌ಬಾಲ್ ಅಸೋಸಿಯೇಷನ್ ಎಂಬ ಹೆಸರಿನಲ್ಲಿ ಹುಟ್ಟಿದ್ದು. 1968ರಲ್ಲಿ ಚೆಂಡನ್ನು ನಿಧಾನವಾಗಿ ಎಸೆಯುವ ಸ್ಲೋಪಿಚ್ ಆಟಕ್ಕಾಗಿ ಸ್ಥಾಪನೆಯಾಗಿ ಈಗ ಹಲವು ಆಟಗಳಿಗೆ ಹಬ್ಬಿರುವ ಯುಎಸ್‌ಎಸ್‌ಎಸ್‌ಎ ಮತ್ತೊಂದು. ಇವುಗಳ ಜೊತೆಗೆ ಪ್ರೀಮಿಯರ್ ಗರ್ಲ್ಸ್ ಫಾಸ್ಟ್‌ಪಿಚ್, ಅಲಯನ್ಸ್ ಫಾಸ್ಟ್‌ಪಿಚ್ ಮುಂತಾದವು. ಒಂದೇ ತಂಡ ಒಂದು ವಾರ ಒಬ್ಬರ ಛತ್ರಿಯಡಿ, ಮರುವಾರ ಇನ್ನೊಬ್ಬರ ಛತ್ರಿಯಡಿ ಆಡುವುದುಂಟು. ಒಂದು ಕಡೆ ಅತಿಥಿಗೆ ಮುಕ್ತ ಅವಕಾಶ, ಇನ್ನೊಂದು ಕಡೆ ಇಬ್ಬರಿಗೋ ಮೂವರಿಗೋ ಮಿತಿ. ಒಂದು ಕಡೆ ಅವಳು ಪಿಚ್ ಮಾಡುವಂತಿಲ್ಲ, ಮತ್ತೊಂದು ಕಡೆ ಮೇಲಿನ ದರ್ಜೆಯ ತಂಡದವಳನ್ನು ಕೆಳಗಿನ ದರ್ಜೆಗೆ ಇಳಿಸುವಂತಿಲ್ಲ. ಇವೆಲ್ಲಕ್ಕೂ ಮೇಲಾಗಿ, ಆಯಾ ಟೂರ್ನಮೆಂಟ್ ನಡೆಸುವ ನಿರ್ದೇಶಕರು ತಮ್ಮದೇ ಒಂದೆರಡು ಸಾಲುಗಳನ್ನು ಸೇರಿಸಿರುತ್ತಾರೆ. ಹೀಗಾಗಿ ಕೋಚ್‌ಗಳಲ್ಲಿ ಎರಡು ಬಗೆ: ಪ್ರತಿ ಟೂರ್ನಮೆಂಟಿನ ನಿಯಮವನ್ನೂ ಓದುವವರು, ಹೋದ ವಾರ ನಡೆಯಿತಲ್ಲ ಎನ್ನುವವರು.

ಹೆಚ್ಚಿನ ಕಡೆ ಕಾಣುವ ವ್ಯವಸ್ಥೆ ಹೀಗಿರುತ್ತದೆ. ತಂಡದ ವ್ಯವಸ್ಥಾಪಕರು ಸಂಸ್ಥೆಯ ಜಾಲತಾಣದಲ್ಲಿ ಪಟ್ಟಿಯನ್ನು ತುಂಬುತ್ತಾರೆ, ಪಾಲಕರು ಅದಕ್ಕೆ ಒಪ್ಪಿಗೆ ಕೊಡುತ್ತಾರೆ, ಜನನ ಪ್ರಮಾಣಪತ್ರಗಳ ಪ್ರತಿಗಳು ಒಂದು ದಪ್ಪ ಫೈಲಿನಲ್ಲಿ ಪ್ರತಿ ವಾರವೂ ಕಾರಿನ ಡಿಕ್ಕಿಯಲ್ಲಿ ಪ್ರಯಾಣ ಮಾಡುತ್ತವೆ. ವಯಸ್ಸನ್ನು ಒಂದು ಗೊತ್ತಾದ ದಿನಾಂಕಕ್ಕೆ ಲೆಕ್ಕ ಹಾಕುತ್ತಾರೆ. ಸೀಸನ್ನಿನ ಒಂದು ಹಂತದಲ್ಲಿ ಪಟ್ಟಿಯನ್ನು ಮುಚ್ಚಲಾಗುತ್ತದೆ. ಆಮೇಲೆ ಹೊಸಬರನ್ನು ಸೇರಿಸಲು ಅನುಮತಿ ಬೇಕು, ಇಲ್ಲವೇ ಸಾಧ್ಯವೇ ಇಲ್ಲ. ಎದುರಾಳಿಗೆ ಸಂಶಯ ಬಂದರೆ ನಗದು ಶುಲ್ಕವಿಟ್ಟು ಪ್ರತಿಭಟನೆ ಸಲ್ಲಿಸಬಹುದು. ದೂರು ನಿಜವಾದರೆ ಆ ಹಣ ವಾಪಸು, ತಪ್ಪಿದ ತಂಡಕ್ಕೆ ಪಂದ್ಯ ನಷ್ಟ, ಕೋಚ್ ಮೇಲೆ ಅಮಾನತು. ಇದರ ಹಿಂದೆ ವಿಮೆಯ ಮಾತೂ ಇದೆ. ತಂಡದ ಅಪಘಾತ ವಿಮೆ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಅನ್ವಯಿಸುವಾಗ, ಕಾಗದದಲ್ಲಿ ಇಲ್ಲದ ಹುಡುಗಿಯ ಮುಖಕ್ಕೆ ಚೆಂಡು ಬಡಿದರೆ ಖರ್ಚಿನ ಪ್ರಶ್ನೆ ಯಾರ ಬಾಗಿಲಿಗೂ ಹೋಗಬಹುದು. ಎದುರಾಳಿಯ ಅನುಮಾನಕ್ಕಿಂತ ಈ ಕಾರಣವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ನಾವು ವಾಸಿಸುವುದು ಷಿಕಾಗೊದ ಉಪನಗರವೊಂದರಲ್ಲಿ. ಸಾಫ್ಟ್‌ಬಾಲ್ ಹುಟ್ಟಿದ್ದು ಷಿಕಾಗೊದಲ್ಲೇ. 1887ರ ಥ್ಯಾಂಕ್ಸ್‌ಗಿವಿಂಗ್ ದಿನ ಫ್ಯಾರಗಟ್ ಬೋಟ್ ಕ್ಲಬ್‌ನೊಳಗೆ ಯೇಲ್ ಮತ್ತು ಹಾರ್ವರ್ಡ್ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕಾಗಿ ಕಾಯುತ್ತಿದ್ದ ಯುವಕರು ಬಾಕ್ಸಿಂಗ್ ಕೈಗವಸನ್ನು ಉಂಡೆಮಾಡಿ ಕಟ್ಟಿ, ಪೊರಕೆಯ ಹಿಡಿಯಿಂದ ಹೊಡೆದು ಆಡಿದರಂತೆ. ಅದಕ್ಕೆ ನಿಯಮಗಳನ್ನು ಬರೆದವರು ಜಾರ್ಜ್ ಹ್ಯಾನ್‌ಕಾಕ್. ಆ ದಿನ ಕೋಣೆಯಲ್ಲಿ ಇದ್ದವರೇ ತಂಡ. ಅಲ್ಲಿಂದ 46 ವರ್ಷಗಳಿಗೆ, 1933ರ ಷಿಕಾಗೊ ವಿಶ್ವಮೇಳದಲ್ಲಿ ರಾಷ್ಟ್ರೀಯ ಮಟ್ಟದ ಟೂರ್ನಮೆಂಟ್ ನಡೆಯಿತು. ಊರೂರಿನಲ್ಲಿ ಬೇರೆ ಬೇರೆಯಾಗಿದ್ದ ಕಟ್ಟಳೆಗಳನ್ನು ಒಂದು ಮಾಡುವ ಕೆಲಸವೂ ಆ ಸುಮಾರಿಗೇ ಶುರುವಾಯಿತು. ಊರಿನ ಹೆಸರು ಹೊತ್ತ ತಂಡ ದೂರದ ಊರಿನ ತಂಡವನ್ನು ಎದುರಿಸುವಾಗ, ನಿಮ್ಮವರು ನಿಜಕ್ಕೂ ನಿಮ್ಮವರೇ ಎಂಬ ಪ್ರಶ್ನೆ ಬರುವುದು ಸಹಜ.

ಆ ಪ್ರಶ್ನೆಗೆ ಅತ್ಯಂತ ಕಟ್ಟುನಿಟ್ಟಾದ ಉತ್ತರ ಕೊಡುವುದು ಮಕ್ಕಳ ಬೇಸ್‌ಬಾಲ್, ಸಾಫ್ಟ್‌ಬಾಲ್ ಸಂಸ್ಥೆ ಲಿಟಲ್ ಲೀಗ್. ಮಗು ವಾಸಿಸುವ ಅಥವಾ ಓದುವ ಶಾಲೆಯಿರುವ ಗಡಿಯೊಳಗೆ ಮಾತ್ರ ಆಡಬೇಕೆನ್ನುವುದು ಅಲ್ಲಿನ ಮೂಲ ನಿಯಮ. ಅತಿಥಿ ಎಂಬ ಮಾತೇ ಇಲ್ಲ. ಷಿಕಾಗೊದ ಜಾಕಿ ರಾಬಿನ್‌ಸನ್ ವೆಸ್ಟ್ ಎಂಬ ಹುಡುಗರ ಬೇಸ್‌ಬಾಲ್ ತಂಡ 2014ರಲ್ಲಿ ಲಿಟಲ್ ಲೀಗ್ ವಿಶ್ವ ಸರಣಿಯಲ್ಲಿ ಅಮೆರಿಕದ ಚಾಂಪಿಯನ್ ಆದಾಗ ಇಡೀ ನಗರ ಬೀದಿಗಿಳಿದು ಸಂಭ್ರಮಿಸಿತ್ತು. ಗಡಿಯಾಚೆಯ ಹುಡುಗರನ್ನು ಸೇರಿಸಿಕೊಂಡಿದ್ದಾರೆಂದು ತೀರ್ಮಾನವಾಗಿ 2015ರ ಫೆಬ್ರವರಿಯಲ್ಲಿ ಆ ಪಟ್ಟವನ್ನು ಹಿಂತೆಗೆದುಕೊಳ್ಳಲಾಯಿತು. ಅದು ಲಾಸ್ ವೇಗಸ್‌ನ ತಂಡಕ್ಕೆ ಹೋಯಿತು. ಇದಕ್ಕೂ ಮುಂಚೆ, 1992ರಲ್ಲಿ, ಫಿಲಿಪ್ಪೀನ್ಸ್‌ನ ಜಾಂಬೊವಾಂಗಾ ತಂಡ ಗೆದ್ದ ವಿಶ್ವ ಪಟ್ಟವೂ ಇಂಥದೇ ಕಾರಣಕ್ಕೆ ಕೈತಪ್ಪಿ, ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ತಂಡಕ್ಕೆ ಸಂದಿತ್ತು. ನಕ್ಷೆಯ ಮೇಲೆ ಗೆರೆ ಎಳೆದವರೂ ಅದನ್ನು ದಾಟಿಸಿದವರೂ ದೊಡ್ಡವರು. ಪದಕದ ಮಾತು ಬಂದಾಗ ತಲೆ ತಗ್ಗಿಸಬೇಕಾದದ್ದು ಹನ್ನೆರಡು ವರ್ಷದ ಹುಡುಗರು.

ಇದೆಲ್ಲ ಅಮೆರಿಕದವರ ಅತಿರೇಕ ಎಂದು ನಮ್ಮೂರಿನವರು ನಗಬೇಕಾಗಿಲ್ಲ. ನಾನು ಪುತ್ತೂರಿನ ಕಡೆಯವಳು. ನಮ್ಮಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದ ಫ್ಲೆಕ್ಸ್‌ಗಳಲ್ಲಿ ‘60 ಕೆ.ಜಿ. ವಿಭಾಗ’, ‘ಒಂದೇ ಗ್ರಾಮದ ಆಟಗಾರರು’, ‘ಆಧಾರ್ ಕಾರ್ಡ್ ಕಡ್ಡಾಯ’ ಎಂಬ ಸಾಲುಗಳು ಬಹುಮಾನದ ಮೊತ್ತದಷ್ಟೇ ದೊಡ್ಡ ಅಕ್ಷರಗಳಲ್ಲಿರುತ್ತವೆ. ಹೊರಗಿನ ಒಬ್ಬ ರೈಡರ್‌ನನ್ನು ಕರೆತಂದು ಗೆದ್ದ ತಂಡದ ಬಗ್ಗೆ ಊರವರು ಮರುದಿನ ಹೋಟೆಲಿನಲ್ಲಿ ಆಡುವ ಮಾತಿಗೂ, ಇಲ್ಲಿ ಮಡಚುವ ಕುರ್ಚಿಗಳಲ್ಲಿ ಕುಳಿತ ಪಾಲಕರು ಸೂರ್ಯಕಾಂತಿ ಬೀಜ ಕಡಿಯುತ್ತಾ ಆಡುವ ಮಾತಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಅತಿಥಿಗಳ ಅಗತ್ಯಕ್ಕೆ ನಮ್ಮಂಥ ಕುಟುಂಬಗಳೂ ಕಾರಣ ಎಂಬುದನ್ನು ಇಲ್ಲಿ ಹೇಳಲೇಬೇಕು. ಶಾಲೆಗೆ ಬೇಸಿಗೆ ರಜೆ ಸಿಗುವುದು ಜೂನ್‌ನಲ್ಲಿ. ಸಾಫ್ಟ್‌ಬಾಲ್ ಸೀಸನ್ನಿನ ದೊಡ್ಡ ಟೂರ್ನಮೆಂಟ್‌ಗಳು ಬರುವುದೂ ಜೂನ್, ಜುಲೈಗಳಲ್ಲಿ. ಭಾರತಕ್ಕೆ ಹೋಗುವುದಿದ್ದರೆ ಅದೇ ಹೊತ್ತು. ಅಜ್ಜ ಅಜ್ಜಿಯರ ವಯಸ್ಸನ್ನು ನೆನೆದರೆ ಮುಂದಿನ ವರ್ಷಕ್ಕೆ ಎಂದು ತಳ್ಳುವಂತೆಯೂ ಇಲ್ಲ. ಮಗಳು ಊರಿನಲ್ಲಿ ಹಲಸಿನ ತೊಳೆ ಬಿಡಿಸುತ್ತಾ ಕುಳಿತಿರುವಾಗ ಇಲ್ಲಿ ಸೆಕೆಂಡ್ ಬೇಸ್‌ನಲ್ಲಿ ಅವಳ ಜಾಗದಲ್ಲಿ ಬೇರೊಬ್ಬಳು ನಿಂತಿರುತ್ತಾಳೆ. ಗೇಮ್‌ಚೇಂಜರ್ ಎಂಬ ಆ್ಯಪ್‌ನಲ್ಲಿ ಪ್ರತಿ ಎಸೆತವೂ ಆಗಿಂದಾಗಲೇ ದಾಖಲಾಗುವುದರಿಂದ ಸಮಯದ ವ್ಯತ್ಯಾಸವನ್ನೂ ಲೆಕ್ಕಿಸದೆ ನಡುರಾತ್ರಿ ಎದ್ದು ಅದನ್ನೇ ನೋಡುತ್ತಾಳೆ. ತನ್ನ ತಂಡ ಗೆಲ್ಲಬೇಕು, ಆದರೆ ತನ್ನ ಜಾಗದಲ್ಲಿರುವವಳು ತೀರಾ ಚೆನ್ನಾಗಿ ಆಡಬಾರದು ಎಂಬ ಎರಡು ಆಸೆಗಳು ಒಂದೇ ಮನಸ್ಸಿನಲ್ಲಿ ಇರುವುದನ್ನು ನಾನು ಅವಳ ಮುಖದಲ್ಲಿ ಕಂಡಿದ್ದೇನೆ. ನಾವು ಹೋಗುವ ವಾರಗಳನ್ನು ಟ್ರೈಔಟ್ ದಿನವೇ ಕೋಚ್‌ಗೆ ಬರೆದುಕೊಡುವ ರೂಢಿಯನ್ನು ಇಲ್ಲಿನ ಭಾರತೀಯ ಪಾಲಕರಲ್ಲಿ ಹಲವರು ಇಟ್ಟುಕೊಂಡಿದ್ದಾರೆ. ಅಷ್ಟು ಮೊದಲೇ ತಿಳಿದರೆ ಕೋಚ್ ಅತಿಥಿಯ ಹೆಸರನ್ನು ಪಟ್ಟಿ ಮುಚ್ಚುವ ಮೊದಲೇ ಸೇರಿಸಿಕೊಳ್ಳಬಹುದು, ಕೊನೆಯ ಗಳಿಗೆಯಲ್ಲಿ ಫೇಸ್‌ಬುಕ್ ಗುಂಪುಗಳಲ್ಲಿ ಆಟಗಾರ್ತಿ ಬೇಕಾಗಿದ್ದಾಳೆ ಎಂದು ಬರೆಯಬೇಕಾಗುವುದಿಲ್ಲ.

ಮಗಳು ತಾನೂ ಅತಿಥಿಯಾಗಿ ಹೋಗಿದ್ದಾಳೆ. ಅದು ಹೊರಗಿನಿಂದ ಕಾಣುವಷ್ಟು ಸುಖದ ಕೆಲಸವಲ್ಲ. ಬೇರೆಯವರ ಜೆರ್ಸಿ, ಬೆನ್ನ ಮೇಲೆ ತನ್ನದಲ್ಲದ ಸಂಖ್ಯೆ. ಕೋಚ್ ಕೂಗಿ ಹೇಳುವ ಅಂಕಿಗಳನ್ನು ಮುಂಗೈಗೆ ಕಟ್ಟಿದ ಕಾರ್ಡಿನಲ್ಲಿ ಹುಡುಕಿ, ಅದರ ಅರ್ಥ ಬಂಟೋ (ಚೆಂಡನ್ನು ಮೆಲ್ಲಗೆ ತಟ್ಟುವುದು) ಸ್ಟೀಲೋ (ಮುಂದಿನ ಬೇಸ್‌ಗೆ ಕದ್ದು ಓಡುವುದು) ಎಂದು ತಿಳಿಯುವಷ್ಟರಲ್ಲಿ ಎಸೆತವೇ ಬಂದಿರುತ್ತದೆ. ಇವಕ್ಕಿಂತ ಕಷ್ಟದ್ದು ಡಗೌಟಿನ, ಅಂದರೆ ಮೈದಾನದ ಬದಿಯಲ್ಲಿ ತಂಡ ಕೂರುವ ಜಾಗದ, ಹಾಡುಗಳು. ಸಾಫ್ಟ್‌ಬಾಲ್ ಹುಡುಗಿಯರು ತಮ್ಮವಳು ಬ್ಯಾಟ್ ಹಿಡಿದಾಗ ಬೇಲಿಗೆ ಒರಗಿ, ಚಪ್ಪಾಳೆ ತಟ್ಟಿ ಪ್ರಾಸಬದ್ಧವಾಗಿ ಕೂಗುವ ಪದಗಳು ತಂಡದಿಂದ ತಂಡಕ್ಕೆ ಬೇರೆ. ಅತಿಥಿ ಬಾಯಿ ಆಡಿಸುತ್ತಾಳೆ, ಧ್ವನಿ ಬರುವುದಿಲ್ಲ. ಎರಡನೆಯ ದಿನದ ಹೊತ್ತಿಗೆ ಯಾರಾದರೂ ಒಬ್ಬಳು ಕೂದಲು ಹೆಣೆಯಲು ಕರೆದರೆ ಅವಳು ಸೇರಿಕೊಂಡಳು ಎಂದು ಅರ್ಥ.

ಈಗ ಬೆಂಚಿನ ಮಾತಿಗೆ ಬರುತ್ತೇನೆ. ಪೂಲ್ ಪಂದ್ಯಗಳಲ್ಲಿ ಪಟ್ಟಿಯಲ್ಲಿರುವ ಎಲ್ಲರಿಗೂ ಬ್ಯಾಟಿಂಗ್ ಕೊಡುವ ಪದ್ಧತಿ ಹಲವು ಟೂರ್ನಮೆಂಟ್‌ಗಳಲ್ಲಿದೆ. ಆದ್ದರಿಂದ ಶನಿವಾರ ಯಾರ ಮನಸ್ಸೂ ಅಷ್ಟಾಗಿ ನೋಯುವುದಿಲ್ಲ. ಭಾನುವಾರ ಬೆಳಿಗ್ಗೆ ಬ್ರಾಕೆಟ್ ಶುರುವಾದಾಗ ಕೋಚ್ ಒಂಬತ್ತು ಹೆಸರುಗಳ ಕಡೆಗೆ ಸರಿಯುತ್ತಾರೆ. ಹನ್ನೊಂದು ಜನರ ತಂಡಕ್ಕೆ ಇಬ್ಬರು ಅತಿಥಿಗಳು ಬಂದಿದ್ದರೆ, ಅಕ್ಟೋಬರ್‌ನ ಚಳಿಗಾಳಿಯಲ್ಲೂ ಜನವರಿಯಲ್ಲಿ ಒಳಾಂಗಣದ ಬಲೆಯೊಳಗೂ ತಪ್ಪದೆ ಅಭ್ಯಾಸಕ್ಕೆ ಬಂದ ನಾಲ್ವರು ಬೆಂಚಿನ ಮೇಲೆ ಕುಳಿತಿರುತ್ತಾರೆ. ಶುಕ್ರವಾರ ಮೊದಲ ಸಲ ಮುಖ ಕಂಡ ಇಬ್ಬರು ಮೈದಾನದಲ್ಲಿರುತ್ತಾರೆ. ವರ್ಷದ ಶುಲ್ಕ ಕಟ್ಟಿದವರು ಬೆಂಚಿನವರು; ಅತಿಥಿಗಳು ಬಹುಮಟ್ಟಿಗೆ ಏನೂ ಕಟ್ಟಿರುವುದಿಲ್ಲ. ಇದರಲ್ಲಿ ಯಾವ ನಿಯಮವೂ ಮುರಿದಿಲ್ಲ. ಇಬ್ಬರ ಹೆಸರೂ ಪಟ್ಟಿಯಲ್ಲಿದೆ, ವಯಸ್ಸು ಸರಿಯಾಗಿದೆ, ದರ್ಜೆ ಸರಿಯಾಗಿದೆ, ವಿಮೆ ಇದೆ. ಎದುರಾಳಿ ಕೋಚ್ ಬಂದು ಕೇಳಿದರೆ ಫೈಲ್ ತೆರೆದು ತೋರಿಸಬಹುದು.

ನನ್ನ ಆಕ್ಷೇಪವಿರುವುದು ಇಲ್ಲಿಯೇ. ಪಟ್ಟಿಯ ನಿಯಮಗಳೆಲ್ಲ ಆಚೆ ಡಗೌಟಿನತ್ತ ಮುಖ ಮಾಡಿ ನಿಂತಿವೆ. ಎದುರಾಳಿಗೆ ಮೋಸವಾಗಬಾರದು ಎಂಬುದಕ್ಕೆ ದಿನಾಂಕ, ಮಿತಿ, ಪ್ರತಿಭಟನೆ, ದಂಡ ಎಲ್ಲವೂ ಇವೆ. ಈಚೆ ಬೆಂಚಿನ ಮೇಲಿರುವ ಹುಡುಗಿಗೆ ಪ್ರತಿಭಟನೆ ಸಲ್ಲಿಸಲು ಯಾವ ಕಿಟಕಿಯೂ ಇಲ್ಲ. ಅತಿಥಿ ಸದಸ್ಯೆಗಿಂತ ಹೆಚ್ಚು ಇನಿಂಗ್ಸ್ ಆಡಬಾರದು ಎನ್ನುವ ಸಾಲನ್ನು ನಾನು ಓದಿದ ಯಾವ ಟೂರ್ನಮೆಂಟಿನ ನಿಯಮದಲ್ಲೂ ಕಂಡಿಲ್ಲ, ಅದನ್ನು ಟೂರ್ನಮೆಂಟ್ ನಡೆಸುವವರಿಂದ ನಿರೀಕ್ಷಿಸುವುದೂ ನ್ಯಾಯವಲ್ಲ. ಅವರಿಗೆ ಬೇಕಾಗಿರುವುದು ಸಮಬಲದ ತಂಡಗಳು ಮತ್ತು ಹೊತ್ತಿಗೆ ಸರಿಯಾಗಿ ಮುಗಿಯುವ ಪಂದ್ಯಗಳು. ಅದು ಕೋಚ್ ಮತ್ತು ಪಾಲಕರ ನಡುವೆ ಆಗಬೇಕಾದ ಕರಾರು. ಆದರೆ ನಾವು ಸಹಿ ಹಾಕುವ ಒಪ್ಪಂದಗಳಲ್ಲಿ ಶುಲ್ಕದ ಕಂತು, ಹಣ ವಾಪಸಿಲ್ಲ ಎಂಬ ಎಚ್ಚರಿಕೆ, ಪಾಲಕರು ಬೇಲಿಯ ಬಳಿ ನಿಂತು ಸೂಚನೆ ಕೊಡಬಾರದೆಂಬ ಬುದ್ಧಿಮಾತು ಇವೆಲ್ಲ ಇರುತ್ತವೆ, ಅತಿಥಿಗಳ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಕೋಚ್‌ಗಳ ಪರವಾಗಿ ಹೇಳಬಹುದಾದದ್ದೂ ಇದೆ. ನಮ್ಮ ಮಟ್ಟದ ತಂಡಗಳಲ್ಲಿ ಅವರಲ್ಲಿ ಅನೇಕರು ಸಂಬಳವಿಲ್ಲದೆ ದುಡಿಯುವ, ತಮ್ಮ ಮಗಳೂ ಅದೇ ತಂಡದಲ್ಲಿರುವ ಅಪ್ಪಂದಿರು. ಇದ್ದ ಒಬ್ಬಳೇ ಪಿಚರ್‌ನ ಭುಜ ನೋಯುತ್ತಿದ್ದರೆ ಅವರು ಏನು ಮಾಡಬೇಕು? ಚೆಂಡನ್ನು ಬ್ಯಾಟ್ ಹಿಡಿದವಳ ಮುಂದಿನ ತಟ್ಟೆಯ (ಹೋಮ್ ಪ್ಲೇಟ್) ಮೇಲೆ ಹಾಯಿಸಲಾರದ ಹುಡುಗಿಯನ್ನು ವೃತ್ತದೊಳಗೆ ನಿಲ್ಲಿಸಿ, ತಪ್ಪು ಎಸೆತಗಳಿಂದ ಎದುರಾಳಿಗೆ ಬಿಟ್ಟಿಯಾಗಿ ಬೇಸ್ ಸಿಗುವ ವಾಕ್‌ಗಳ ಮೇಲೆ ವಾಕ್‌ಗಳಾಗಿ, ಉಳಿದ ಎಂಟು ಮಂದಿ ಒಂದು ಚೆಂಡನ್ನೂ ಮುಟ್ಟದೆ ಬಿಸಿಲಲ್ಲಿ ನಿಲ್ಲುವ ಪಂದ್ಯ ಯಾರಿಗೂ ಪಾಠ ಕಲಿಸುವುದಿಲ್ಲ. ಅಂಥ ದಿನ ಬರುವ ಅತಿಥಿ ಪಿಚರ್ ಬೆಂಚಿನವಳಿಗೂ ಉಪಕಾರವನ್ನೇ ಮಾಡುತ್ತಾಳೆ. ಹಾಗಾಗಿ ಅತಿಥಿಗಳೇ ಬೇಡ ಎನ್ನುವವರ ಜೊತೆ ನಾನಿಲ್ಲ.

ಆದರೆ ಆ ಅತಿಥಿ ಪಿಚರ್‌ನ ಭುಜದ ಬಗ್ಗೆ ಯಾರು ಯೋಚಿಸುತ್ತಾರೆ? ಬೇಸ್‌ಬಾಲ್‌ನಲ್ಲಿ ಲಿಟಲ್ ಲೀಗ್ 2007ರಿಂದ ಎಸೆತಗಳ ಸಂಖ್ಯೆಗೆ ಮಿತಿ ಹಾಕಿದೆ. 2014ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಪಿಚ್ ಸ್ಮಾರ್ಟ್ ಎಂಬ ಮಾರ್ಗಸೂಚಿಯನ್ನು ಹೊರತಂದು, ವಯಸ್ಸಿಗೆ ತಕ್ಕಂತೆ ಎಷ್ಟು ಎಸೆತಕ್ಕೆ ಎಷ್ಟು ದಿನ ವಿಶ್ರಾಂತಿ ಎಂದು ಹೇಳಿದವು. ಟ್ರಾವೆಲ್ ಸಾಫ್ಟ್‌ಬಾಲ್‌ನಲ್ಲಿ ಎಲ್ಲರೂ ಪಾಲಿಸುವ ಅಂಥ ಮಿತಿ ಇಲ್ಲ. ಕೆಳಗಿನಿಂದ ಎಸೆಯುವುದು ಸಹಜ ಚಲನೆ, ತೋಳಿಗೆ ಆಯಾಸವೇ ಇಲ್ಲ ಎಂಬ ಹಳೆಯ ನಂಬಿಕೆ ಇನ್ನೂ ಉಳಿದಿದೆ. ಮಂಜುಗಡ್ಡೆಯ ಚೀಲ ಭುಜಕ್ಕೆ ಕಟ್ಟಿಕೊಂಡು ಭಾನುವಾರ ಸಂಜೆ ಕಾರು ಹತ್ತುವ ಪಿಚರ್‌ಗಳನ್ನು ಕಂಡವರು ಅದನ್ನು ಒಪ್ಪಲಾರರು. ಒಳ್ಳೆಯ ಪಿಚರ್‌ಗೆ ಪ್ರತಿ ವಾರ ಯಾವುದಾದರೂ ತಂಡದಿಂದ ಕರೆ ಇರುತ್ತದೆ. ತನ್ನ ತಂಡಕ್ಕೆ ಬಿಡುವಿರುವ ವಾರದಲ್ಲಿ ಅವಳು ಬೇರೆ ತಂಡಕ್ಕೆ ಎಸೆಯುತ್ತಾಳೆ. ಎರಡು ತಂಡದ ಲೆಕ್ಕಪುಸ್ತಕಗಳು ಎರಡು ಕಡೆ ಇರುವುದರಿಂದ, ಒಟ್ಟು ಎಸೆತಗಳ ಮೊತ್ತ ಯಾರ ಬಳಿಯೂ ಇರುವುದಿಲ್ಲ, ಅವಳ ಅಪ್ಪ ಅಮ್ಮನ ಬಳಿ ಇದ್ದರೆ ಉಂಟು.

ವಯಸ್ಸು ಹದಿನಾರು ದಾಟುವ ಹೊತ್ತಿಗೆ ಈ ಚಿತ್ರವೇ ಬದಲಾಗುತ್ತದೆ. ಶೋಕೇಸ್ ಎಂಬ ಟೂರ್ನಮೆಂಟ್‌ಗಳಲ್ಲಿ ಕಪ್ ಮುಖ್ಯವಲ್ಲ, ಬೇಲಿಯ ಹಿಂದೆ ಕುಳಿತು ಟಿಪ್ಪಣಿ ಮಾಡಿಕೊಳ್ಳುವ ಕಾಲೇಜು ಕೋಚ್‌ಗಳು ಮುಖ್ಯ. ಜುಲೈ 4ರ ಆಸುಪಾಸಿನಲ್ಲಿ ಕೊಲರಾಡೊದಲ್ಲಿ ನಡೆಯುವ ದೊಡ್ಡ ಟೂರ್ನಮೆಂಟ್‌ಗಳಿಗೆ ದೇಶದ ಮೂಲೆಮೂಲೆಗಳಿಂದ ತಂಡಗಳು ಬರುತ್ತವೆ. ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ನಿಯಮದ ಪ್ರಕಾರ ಮೊದಲ ವಿಭಾಗದ ಕಾಲೇಜು ಕೋಚ್‌ಗಳು ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ರವರೆಗೆ ಹುಡುಗಿಯ ಜೊತೆ ನೇಮಕದ ಮಾತೇ ಆಡುವಂತಿಲ್ಲ, ಆದರೆ ನೋಡಬಹುದು. ತನ್ನ ತಂಡ ಅಷ್ಟು ದೂರ ಹೋಗಲಾಗದಿದ್ದರೆ, ಹೋಗುವ ತಂಡದ ಅತಿಥಿಯಾಗುವುದು ಆ ನೋಟಕ್ಕೆ ಬೀಳುವ ದಾರಿ. ಇಲ್ಲಿ ಪಟ್ಟಿಯ ನಿಯಮ ಸಡಿಲವಾಗಿರುವುದು ನನಗೆ ಸರಿಯೆನಿಸುತ್ತದೆ. ಸಣ್ಣ ಊರಿನ, ದೊಡ್ಡ ಕ್ಲಬ್ಬಿಲ್ಲದ ಹುಡುಗಿಗೆ ಅದೊಂದು ಬಾಗಿಲು. 12 ವರ್ಷದೊಳಗಿನವರ ಕೋಚ್‌ಗಳು ಇದೇ ವಾದವನ್ನು ಎತ್ತಿಕೊಂಡು ಬಂದಾಗ ಮಾತ್ರ ಒಪ್ಪಲು ಕಷ್ಟ. ಆರನೆಯ ತರಗತಿಯ ಹುಡುಗಿಯನ್ನು ನೋಡಲು ಯಾವ ಕಾಲೇಜಿನವರೂ ಬಂದಿರುವುದಿಲ್ಲ.

ಈ ಸೀಸನ್ನಿನ ಮೊದಲ ಪಾಲಕರ ಸಭೆಯಲ್ಲಿ ಅತಿಥಿಗಳ ವಿಷಯವನ್ನು ಒಪ್ಪಂದದೊಳಗೆ ಬರೆಯೋಣ ಎಂದು ನಾವು ಕೆಲವರು ಕೇಳಿದೆವು. ಹಾಜರಾಗುವವರು ಹತ್ತಕ್ಕಿಂತ ಕಡಿಮೆಯಾದಾಗ ಮಾತ್ರ ಅತಿಥಿಯನ್ನು ಕರೆಯುವುದು, ಪಿಚರ್ ಮತ್ತು ಕ್ಯಾಚರ್‌ಗಳ ಗಾಯಕ್ಕೆ ವಿನಾಯಿತಿ ಕೊಡುವುದು ಎಂಬುದಕ್ಕೆ ಸ್ವಲ್ಪ ಚರ್ಚೆಯ ನಂತರ ಎಲ್ಲರೂ ತಲೆದೂಗಿದರು. ಆರೋಗ್ಯವಾಗಿರುವ ಸದಸ್ಯೆ ಭಾನುವಾರದ ಪ್ರತಿ ಪಂದ್ಯದಲ್ಲೂ ಕನಿಷ್ಠ ಎರಡು ಇನಿಂಗ್ಸ್ ಮೈದಾನದಲ್ಲಿರಬೇಕು ಎಂಬುದನ್ನು ಕೋಚ್ ಒಪ್ಪಿದರು, ಫೈನಲ್ ಬಿಟ್ಟು. ಆ ‘ಫೈನಲ್ ಬಿಟ್ಟು’ ಎಂಬುದರ ಬಗ್ಗೆ ಹೆಚ್ಚು ವಾದ ಮಾಡದಿರಲು ನಮ್ಮ ತಂಡ ಫೈನಲ್ ತಲುಪುವುದು ಅಪರೂಪ ಎಂಬುದೂ ಒಂದು ಕಾರಣವಿರಬೇಕು. ಅತಿಥಿ ಪಿಚರ್ ಹಿಂದಿನ ವಾರ ಎಷ್ಟು ಎಸೆದಿದ್ದಾಳೆಂದು ಅವಳ ಮನೆಯವರಿಂದ ಬರೆಸಿಕೊಳ್ಳಬೇಕೆಂಬ ಸಲಹೆ ಮಾತ್ರ ಬಿದ್ದುಹೋಯಿತು. ಹಾಗೆ ಕೇಳಿದರೆ ಯಾರೂ ಬರುವುದಿಲ್ಲ, ಕೇಳದೆ ಕರೆಯುವ ಇನ್ನೊಂದು ತಂಡ ಪಕ್ಕದ ಊರಿನಲ್ಲೇ ಇರುತ್ತದೆ ಎಂದು ಕೋಚ್ ಹೇಳಿದರು. ಅದು ನಿಜವಾದ್ದರಿಂದ ಯಾರೂ ಎದುರು ಮಾತಾಡಲಿಲ್ಲ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಆ ಸಾಲನ್ನು ಮತ್ತೆ ಸೇರಿಸುವಂತೆ ನಾನು ಬರೆದುಕೊಟ್ಟಿದ್ದೇನೆ.